ಇಪ್ಪತ್ತು ಸೆಕೆಂಡಿನ ನೀರು

ಆಸ್ಪತ್ರೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ನಾನೂರು ಜನಕ್ಕೆ ಬೇಯಿಸಿ ಹಾಕಿ ನಿವೃತ್ತಳಾದವಳಿಗೆ ಎಂಟು ಜನ ಸೈಕಲ್ ಹುಡುಗರ ಹೊಟ್ಟೆ ತುಂಬಿಸುವುದು ಯಾವ ಮಹಾ ಕೆಲಸ ಎಂದುಕೊಂಡೇ ದೊಡ್ಡಮ್ಮ ತಂಡದ ವ್ಯಾನು ಹತ್ತಿದ್ದಳು. ತಂಡದ ಅಡುಗೆಯವನು ಸೊಂಟ ಹಿಡಿದುಕೊಂಡು ಮಲಗಿದ್ದ, ಮತ್ತೆ ಕೆಲಸಕ್ಕೆ ಬರುವುದೇ ಅನುಮಾನವಿತ್ತು. ರೇಸಿಗೆ ನಾಲ್ಕೇ ದಿನ ಉಳಿದಿತ್ತು. ತಂಗಿಯ ಮಗ ಫೋನು ಮಾಡಿ, ಏಳೇ ದಿನದ ಮಟ್ಟಿಗೆ ಬಾ ದೊಡ್ಡಮ್ಮ ಎಂದು ಗೋಗರೆದ. ಅವನು ದೊಡ್ಡಮ್ಮ ಎನ್ನುವುದನ್ನು ಕೇಳಿ ಮೊದಲ ದಿನ ಸಂಜೆಯೊಳಗೆ ಮ್ಯಾನೇಜರ್, ಮೆಕ್ಯಾನಿಕ್, ಮಾಲೀಸು ಮಾಡುವವನು ಎಲ್ಲರಿಗೂ ಅವಳು ದೊಡ್ಡಮ್ಮನೇ ಆದಳು. ನಿಜವಾದ ಹೆಸರು ಕೊರಳಿಗೆ ಹಾಕಿಕೊಟ್ಟ ಗುರುತಿನ ಚೀಟಿಯಲ್ಲಷ್ಟೇ ಉಳಿಯಿತು.

ತಂಗಿಯ ಮಗನಿಗೆ ತಂಡದವರು ಇಟ್ಟ ಹೆಸರು ಕಡ್ಡಿ. ಆಳು ಹಾಗೇ ಇದ್ದ. ಮೂವತ್ತೆರಡು ತುಂಬಿತ್ತು. ಹನ್ನೊಂದು ವರ್ಷದಿಂದ ಸೈಕಲ್ ತುಳಿದೇ ಸಂಬಳ ತೆಗೆದುಕೊಳ್ಳುತ್ತಿದ್ದ, ಆದರೆ ಒಂದೇ ಒಂದು ರೇಸು ಗೆದ್ದವನಲ್ಲ. ಒಮ್ಮೆ ಎಂಬತ್ತನೆಯವನಾಗಿ ಬರುತ್ತಿದ್ದ, ಒಮ್ಮೆ ತೊಂಬತ್ತೆರಡನೆಯವನಾಗಿ. ಪಟ್ಟಿಯ ಮೇಲೆ ಬೆರಳಿಟ್ಟು ಕೆಳಗಿಳಿಯುತ್ತಾ ಇಳಿಯುತ್ತಾ ತಂಗಿಗೆ ಸಾಕಾಗಿ ಹೋಗಿತ್ತು. ಹುಡುಗ ಹೊಟ್ಟೆಗೆ ಸರಿಯಾಗಿ ತಿನ್ನುವುದಿಲ್ಲ, ಅದಕ್ಕೇ ಹೀಗೆ ಎಂಬುದು ತಂಗಿಯ ತೀರ್ಮಾನ. ಅಕ್ಕನದೂ ಅದೇ. ಏಳು ದಿನ ನನ್ನ ಕೈಯೂಟ ತಿನ್ನಲಿ, ಆಮೇಲೆ ನೋಡೋಣ ಎಂದು ಮನಸ್ಸಿನಲ್ಲೇ ಪಣ ತೊಟ್ಟು ಬಂದಿದ್ದಳು.

ಕೆಲಸ ಮಾತ್ರ ಅವಳು ಎಣಿಸಿದ ಹಾಗಿರಲಿಲ್ಲ. ಇಲ್ಲಿ ಅನ್ನವನ್ನು ತಕ್ಕಡಿಯಲ್ಲಿ ತೂಗಿ ಬಡಿಸಬೇಕು. ಸಿಹಿ ಹಾಕಿ ಮೆತ್ತಗೆ ಬೇಯಿಸಿದ ಅನ್ನವನ್ನು ತಟ್ಟೆಯಲ್ಲಿ ಒತ್ತಿ, ಬೆಂಕಿಪೊಟ್ಟಣದಷ್ಟು ಬಿಲ್ಲೆಗಳಾಗಿ ಕೊಯ್ದು, ಒಂದೇ ಕೈಯಲ್ಲಿ ಬಿಚ್ಚಲು ಬರುವ ಹಾಗೆ ಬೆಳ್ಳಿ ಕಾಗದದಲ್ಲಿ ಸುತ್ತಬೇಕು. ಅವನ್ನೂ ಎರಡು ಬಾಟಲಿ ನೀರನ್ನೂ ಉದ್ದ ಹಿಡಿಕೆಯ ಬಟ್ಟೆಚೀಲಕ್ಕೆ ತುಂಬಿ, ದಾರಿಯ ನಡುವೆ ಗೊತ್ತುಮಾಡಿದ ಜಾಗದಲ್ಲಿ ರಸ್ತೆಯ ಅಂಚಿಗೆ ನಿಂತು, ಕೈ ಚಾಚಿ ಹಿಡಿದಿರಬೇಕು. ಹುಡುಗರು ನಿಲ್ಲುವುದಿಲ್ಲ. ಓಡುವ ಸೈಕಲಿನಿಂದಲೇ ಹಿಡಿಕೆಗೆ ತೋಳು ತೂರಿಸಿ ಚೀಲ ಎತ್ತಿಕೊಂಡು ಹೋಗುತ್ತಾರೆ. ಎದುರಿನವರು ಗಟ್ಟಿಯಾಗಿ ಹಿಡಿದುಕೊಳ್ಳುವ ತನಕ ಪಾತ್ರೆ ಬಿಡಬಾರದು ಎಂಬುದು ದೊಡ್ಡಮ್ಮನಿಗೆ ಮೂವತ್ತು ವರ್ಷದ ಅಭ್ಯಾಸ. ಮೊದಲ ದಿನ ಚೀಲ ಬಿಡದೆ ನಾಲ್ಕು ಹೆಜ್ಜೆ ಹುಡುಗನ ಹಿಂದೆಯೇ ಓಡಿದಳು. ಮಾಲೀಸಿನವನು ಸೊಂಟಕ್ಕೆ ಕೈಹಾಕಿ ಹಿಡಿಯದಿದ್ದರೆ ಅವಳೂ ರೇಸಿನಲ್ಲಿ ಸೇರಿಬಿಡುತ್ತಿದ್ದಳು ಎಂದು ಆ ರಾತ್ರಿ ಊಟದ ಮೇಜಿನ ಸುತ್ತ ನಕ್ಕಿದ್ದೇ ನಕ್ಕಿದ್ದು.

ಎರಡನೆಯ ದಿನ ಮ್ಯಾನೇಜರ್ ಅವಳನ್ನು ಕಾರಿನಲ್ಲಿ ಹಿಂದೆ ಕೂರಿಸಿಕೊಂಡು ರೇಸು ತೋರಿಸಿದ. ತೋರಿಸದಿದ್ದರೇ ಚೆನ್ನಾಗಿತ್ತು. ತಂಡದಲ್ಲಿ ಇಪ್ಪತ್ತಮೂರು ವರ್ಷದ ಒಬ್ಬ ಹುಡುಗನಿದ್ದ. ಮೀಸೆ ಸರಿಯಾಗಿ ಬಂದಿರಲಿಲ್ಲ, ಎಲ್ಲರೂ ಅವನನ್ನು ಯಜಮಾನ ಎನ್ನುತ್ತಿದ್ದರು. ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ. ಆ ಯಜಮಾನ ಗುಂಪಿನ ನಡುವೆ ತಣ್ಣಗೆ ಕೂತು ತುಳಿಯುತ್ತಿದ್ದರೆ ಕಡ್ಡಿ ಅರ್ಧ ಗಂಟೆಗೊಮ್ಮೆ ಹಿಂದೆ ಬಿದ್ದು ಕಾರಿನ ಕಿಟಕಿಗೆ ಬರುತ್ತಿದ್ದ. ಎರಡು ಬಾಟಲಿ ಸೈಕಲಿಗೆ, ಮೂರು ಬೆನ್ನಿನ ಜೇಬಿಗೆ, ನಾಲ್ಕು ಅಂಗಿಯೊಳಕ್ಕೆ. ಡುಬ್ಬ ಹೊತ್ತವನ ಹಾಗೆ ಮತ್ತೆ ಮುಂದಕ್ಕೆ ತುಳಿದು ಎಲ್ಲರಿಗೂ ಹಂಚುತ್ತಿದ್ದ. ದೊಡ್ಡಮ್ಮ ಗುಟ್ಟಾಗಿ ಅವನ ಚೀಲಕ್ಕೆ ಎರಡು ಬಿಲ್ಲೆ ಹೆಚ್ಚಿಗೆ ಹಾಕಿದ್ದಳು. ಅವೂ ಯಜಮಾನನ ಬಾಯಿಗೇ ಹೋದವು.

ಅವಳಿಗೆ ಮೈಯೆಲ್ಲಾ ಉರಿಯಿತು. ಸಂಜೆ ಮೆಕ್ಯಾನಿಕ್ ಸೈಕಲು ತೊಳೆಯುವ ಕಡೆ ಹೋಗಿ ನಿಂತು, ನಮ್ಮ ಹುಡುಗ ಇಲ್ಲಿಗೆ ರೇಸಿಗೆ ಬಂದಿದ್ದಾನೋ ನೀರು ಹೊರಲು ಬಂದಿದ್ದಾನೋ ಎಂದು ಕೇಳಿದಳು. ಮೆಕ್ಯಾನಿಕ್ ಐವತ್ತರ ಆಸುಪಾಸಿನ, ಅವಸರವಿಲ್ಲದ ಮನುಷ್ಯ. ಸರಪಳಿಗೆ ಬ್ರಷ್ಷು ಹಾಕುತ್ತಲೇ ತಿಳಿಸಿ ಹೇಳಿದ. ಸೈಕಲಿನವನಿಗೆ ದಾರಿಗಿಂತ ದೊಡ್ಡ ವೈರಿ ಗಾಳಿ. ಮುಂದಿರುವವನು ಗಾಳಿ ಒಡೆಯುತ್ತಾ ಹೋದರೆ ಅವನ ಬೆನ್ನಿಗೆ ಅಂಟಿಕೊಂಡವನಿಗೆ ಮೂರರಲ್ಲಿ ಒಂದು ಪಾಲು ಶ್ರಮ ಉಳಿಯುತ್ತದೆ. ಬೆಟ್ಟ ಹತ್ತುವ ಕೊನೆಯ ಅರ್ಧ ಗಂಟೆಯಲ್ಲಿ ಎಲ್ಲರನ್ನೂ ಬಿಟ್ಟು ಹೋಗುವ ಕಾಲು ತಂಡದಲ್ಲಿ ಒಬ್ಬನಿಗೇ ಇರುವುದು. ಉಳಿದ ಏಳು ಜನ ಆ ಕಾಲನ್ನು ಅಲ್ಲಿಯ ತನಕ ಕಾಪಾಡಿಕೊಂಡು ಹೋಗುತ್ತಾರೆ. ಗಾಳಿಗೆ ಎದೆ ಕೊಡುವವರು, ನೀರು ತರುವವರು, ಅವನ ಚಕ್ರ ಪಂಕ್ಚರಾದರೆ ತಮ್ಮ ಚಕ್ರ ಬಿಚ್ಚಿ ಕೊಟ್ಟು ದಾರಿ ಬದಿಯಲ್ಲಿ ನಿಲ್ಲುವವರು.

"ಹಾಗಾದ್ರೆ ಗೆದ್ದೋನು ಯಾರು?" ಎಂದಳು ದೊಡ್ಡಮ್ಮ.

"ಪೇಪರಲ್ಲಿ ಒಬ್ಬ. ವ್ಯಾನಲ್ಲಿ ಎಂಟು ಜನ."

"ಇದನ್ನ ನನ್ನ ತಂಗಿಗೆ ಯಾರು ಹೇಳ್ತಾರೆ?"

"ನನ್ನ ಹೆಂಡತಿಗೇ ಇನ್ನೂ ಹೇಳಿ ಮುಗಿದಿಲ್ಲ," ಎಂದು ಮೆಕ್ಯಾನಿಕ್ ಮುಂದಿನ ಸೈಕಲು ಎಳೆದುಕೊಂಡ.

ನಾಲ್ಕನೆಯ ಮತ್ತು ಐದನೆಯ ದಿನ ಬೆಟ್ಟಗಳು ಬಂದವು. ಒಬ್ಬೊಬ್ಬರೇ ಸೋತು ಹಿಂದುಳಿದರು. ಕಡ್ಡಿಯೊಬ್ಬ ಮಾತ್ರ ಹಲ್ಲು ಕಚ್ಚಿಕೊಂಡು ಯಜಮಾನನ ಮುಂದೆ ಗಾಳಿ ಒಡೆಯುತ್ತಾ ತುದಿಯ ತನಕ ಹೋದ. ಈ ರೇಸಿನಲ್ಲಿ ಏಳು ದಿನದ ಸಮಯ ಕೂಡಿಸಿ ಯಾರದು ಕಡಿಮೆಯೋ ಅವನು ಗೆದ್ದ ಎಂಬ ಲೆಕ್ಕ. ಐದನೆಯ ಸಂಜೆ ಪಟ್ಟಿ ಬಂದಾಗ ಯಜಮಾನ ಹದಿನಾಲ್ಕು ಸೆಕೆಂಡು ಮುಂದಿದ್ದು ಮೊದಲನೆಯವನಾಗಿದ್ದ. ಅದೇ ಪಟ್ಟಿಯಲ್ಲಿ ಕಡ್ಡಿ ಹತ್ತನೆಯವನು. ಹನ್ನೊಂದನೆಯವನಿಗಿಂತ ಒಂಬತ್ತು ಸೆಕೆಂಡು ಮುಂದೆ.

ಆ ರಾತ್ರಿ ಅವನು ಅಡುಗೆ ವ್ಯಾನಿನ ಮೆಟ್ಟಿಲಿನ ಮೇಲೆ ಕೂತು, ತಟ್ಟೆ ತೊಡೆಯ ಮೇಲಿಟ್ಟುಕೊಂಡು, ತನ್ನ ಸಂಗತಿಯನ್ನು ಅವಳಿಗೆ ಹೇಳಿದ. ಈ ಋತು ಮುಗಿದರೆ ಅವನ ಒಪ್ಪಂದವೂ ಮುಗಿಯಿತು. ಮೂವತ್ತು ದಾಟಿದವರ ಜಾಗಕ್ಕೆ ಎಳೆಯರನ್ನು ತರುವ ಯೋಚನೆ ಮ್ಯಾನೇಜರನದು. ಆದರೆ ಹತ್ತರೊಳಗೆ ಬಂದು ತೋರಿಸು, ಇನ್ನೂ ಎರಡು ವರ್ಷಕ್ಕೆ ಬರೆದುಕೊಡುತ್ತೇನೆ ಎಂದು ಅವತ್ತು ಸಂಜೆಯಷ್ಟೇ ಮಾತು ಕೊಟ್ಟಿದ್ದ.

"ಇಲ್ಲಾಂದ್ರೆ?" ಎಂದಳು.

"ಇಲ್ಲಾಂದ್ರೆ ಮನೆಗೆ. ನಂಗೆ ಬೇರೇನು ಬರುತ್ತೆ ಹೇಳು? ಇದೊಂದು ಬರುತ್ತೆ ದೊಡ್ಡಮ್ಮ, ಇದು ಚೆನ್ನಾಗಿ ಬರುತ್ತೆ."

ಆ ಮಾತನ್ನು ಅವನು ಜಂಬದಿಂದ ಹೇಳಲಿಲ್ಲ, ಅಳುತ್ತಲೂ ಹೇಳಲಿಲ್ಲ. ಬಡಗಿಯೊಬ್ಬ ತನ್ನ ಉಳಿಯನ್ನು ತೋರಿಸಿದ ಹಾಗೆ ಹೇಳಿದ. ಇನ್ನೆರಡು ದಿನ, ಎರಡೂ ಬಯಲುದಾರಿ, ಬೀಳದೆ ಗುಂಪಿನ ಜೊತೆ ಬಂದರೆ ಸಾಕು, ಹತ್ತನೆಯ ಸ್ಥಾನ ಎಲ್ಲಿಗೂ ಹೋಗುವುದಿಲ್ಲ ಎಂದು ಪಕ್ಕದಲ್ಲೇ ಸೈಕಲು ಒರೆಸುತ್ತಿದ್ದ ಮೆಕ್ಯಾನಿಕ್ ಧೈರ್ಯ ಹೇಳಿದ.

ಆರನೆಯ ದಿನದ ಬಿಸಿಲು ನೆಲ ಬಿರಿಯುವಂಥದ್ದು. ಮಧ್ಯಾಹ್ನ ಚೀಲಗಳನ್ನು ಕೊಟ್ಟು ಮುಗಿಸಿ, ಎಂದಿನಂತೆ ದೊಡ್ಡಮ್ಮ ಮತ್ತು ಮಾಲೀಸಿನವನು ಬಳಸುದಾರಿಯಲ್ಲಿ ವ್ಯಾನು ಬಿಟ್ಟುಕೊಂಡು ರೇಸು ಮುಗಿಯುವ ಊರಿನ ಕಡೆ ಹೊರಟರು. ಹದಿಮೂರು ಕಿಲೋಮೀಟರು ಇರುವಾಗ ಒಂದು ಕೂಡುರಸ್ತೆಯಲ್ಲಿ ಪೊಲೀಸರು ತಡೆದರು. ರೇಸು ಹಾದುಹೋಗುವ ತನಕ ಒಂದು ಇರುವೆಯನ್ನೂ ಬಿಡುವುದಿಲ್ಲ ಎಂದರು. ಮಾಲೀಸಿನವನು ಅವರ ಜೊತೆ ವಾದಕ್ಕೆ ಇಳಿದ. ದೊಡ್ಡಮ್ಮ ಐಸು ಪೆಟ್ಟಿಗೆಯ ಪಕ್ಕದಲ್ಲಿ ಬೆವರೊರೆಸುತ್ತಾ ನಿಂತಳು.

ದೂರದಲ್ಲಿ ಮೋಟರ್‌ಸೈಕಲುಗಳ ಸದ್ದು ಕೇಳಿತು. ಮುಂದಿನ ಗುಂಪು ಬರುತ್ತಿತ್ತು, ಇಪ್ಪತ್ತು ಇಪ್ಪತ್ತೈದು ಜನ. ಅದರಲ್ಲಿ ಯಜಮಾನನ ಮುಖ ಕಂಡಿತು. ತುಟಿ ಸುಣ್ಣ ಹಚ್ಚಿದ ಹಾಗೆ ಬೆಳ್ಳಗಾಗಿತ್ತು, ಸೈಕಲಿನಲ್ಲಿ ಬಾಟಲಿ ಇರಲಿಲ್ಲ. ಬಾಯಾರಿದವನು ಎದುರಿಗೆ ಬರುತ್ತಿದ್ದಾನೆ, ಕೈಯಳತೆಯಲ್ಲಿ ತಣ್ಣೀರು ಇದೆ. ಇದರಲ್ಲಿ ಯೋಚಿಸುವುದೇನು ಬಂತು? ಒಂದು ಬಾಟಲಿ ಎತ್ತಿಕೊಂಡು ರಸ್ತೆಯ ಅಂಚಿಗೆ ಹೋಗಿ ಕೈ ಚಾಚಿದಳು. ಅವಳ ಮೈಮೇಲಿನ ತಂಡದ ಅಂಗಿ ಕಂಡು ಯಜಮಾನನೂ ಹಿಂದುಮುಂದು ನೋಡದೆ ಕೈ ಚಾಚಿದ.

ಇನ್ನೇನು ಅವನ ಬೆರಳು ತಗುಲಬೇಕು, ಅಷ್ಟರಲ್ಲಿ ಹಿಂದಿನಿಂದ ಕಡ್ಡಿ ನುಗ್ಗಿ ಬಂದ. ಭುಜದಿಂದ ಯಜಮಾನನನ್ನು ಪಕ್ಕಕ್ಕೆ ತಳ್ಳಿ, ಬಾಟಲಿಯನ್ನು ಕಸಿದುಕೊಂಡು, ಅಲ್ಲಿಯೇ ಬಾಯಿಗೆ ಸುರಿದುಕೊಂಡು ಹೊರಟೇ ಹೋದ. ಬೆನ್ನಹಿಂದೆ ಬರುತ್ತಿದ್ದ ಮೋಟರ್‌ಸೈಕಲಿನ ಮೇಲೆ ಕೂತಿದ್ದ ತೀರ್ಪುಗಾರ್ತಿ ಚೀಟಿಯಲ್ಲಿ ಏನೋ ಗೀಚಿಕೊಂಡಳು.

ದೊಡ್ಡಮ್ಮ ಖಾಲಿ ಕೈ ಚಾಚಿಕೊಂಡೇ ನಿಂತಿದ್ದಳು. ನಾಚಿಕೆಯಾಯಿತು. ಇನ್ನೊಬ್ಬರ ಬಾಯಿಗೆ ಬಂದ ನೀರನ್ನು ಕಿತ್ತುಕೊಳ್ಳುವ ಮಗನನ್ನು ಅವಳ ತಂಗಿ ಸಾಕಿರಲಿಲ್ಲ. ಆದರೆ ಒಳಗೊಳಗೇ ಇನ್ನೊಂದು ಮಾತೂ ಎದ್ದಿತು: ಅಂತೂ ಇವತ್ತೊಂದು ದಿನವಾದರೂ ತನ್ನ ಹೊಟ್ಟೆ ನೋಡಿಕೊಂಡನಲ್ಲ. ಬೈಯಬೇಕೋ ಬೆನ್ನು ತಟ್ಟಬೇಕೋ ತಿಳಿಯದೆ ವ್ಯಾನು ಹತ್ತಿದಳು. ವಾದ ಮುಗಿಸಿ ಬಂದ ಮಾಲೀಸಿನವನು ಏನಾಯಿತೆಂದು ಕೇಳಿ, ಉತ್ತರ ಕೇಳಿಸಿಕೊಂಡವನೇ ಸ್ಟಿಯರಿಂಗಿನ ಮೇಲೆ ಹಣೆ ಇಟ್ಟುಬಿಟ್ಟ. ಯಾಕೆಂದು ಹೇಳುವ ಧೈರ್ಯ ಅವನಿಗೆ ಬರಲಿಲ್ಲ.

ಹೇಳಿದವನು ಮ್ಯಾನೇಜರ್. ರೇಸಿನ ಕೊನೆಯ ಇಪ್ಪತ್ತು ಕಿಲೋಮೀಟರಿನಲ್ಲಿ ರಸ್ತೆ ಬದಿಯಿಂದ ಯಾರೂ ಏನನ್ನೂ ಕೊಡುವಂತಿಲ್ಲ, ಸವಾರ ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡವನ ಲೆಕ್ಕಕ್ಕೆ ಇಪ್ಪತ್ತು ಸೆಕೆಂಡು ದಂಡ. ಪ್ರತಿದಿನ ಅಷ್ಟು ಹೊತ್ತಿಗೆ ದೊಡ್ಡಮ್ಮ ಊರು ಸೇರಿ ಒಲೆ ಹಚ್ಚಿರುತ್ತಿದ್ದಳು. ಆದ್ದರಿಂದ ಈ ನಿಯಮವನ್ನು ಅವಳಿಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನಿಯಮ ಗೊತ್ತಿದ್ದ ಯಜಮಾನನಿಗೂ ಬಾಯಾರಿಕೆಯಲ್ಲಿ ಅದು ನೆನಪಾಗಲಿಲ್ಲ. ಯಜಮಾನ ಮುಂದಿದ್ದದ್ದು ಹದಿನಾಲ್ಕೇ ಸೆಕೆಂಡು. ಆ ಬಾಟಲಿ ಅವನ ಕೈಗೆ ಸಿಕ್ಕಿದ್ದರೆ ಆರು ದಿನದ ಎಂಟು ಜನರ ದುಡಿಮೆ ಅಲ್ಲಿಗೇ ಮುಗಿಯುತ್ತಿತ್ತು.

"ತಟ್ಟಿ ಬೀಳಿಸಬಹುದಿತ್ತಲ್ಲ," ಎಂದಳು ದೊಡ್ಡಮ್ಮ.

"ಹಿಂದೆ ಇಪ್ಪತ್ತು ಸೈಕಲ್ ಬರ್ತಿತ್ತು. ಚಕ್ರದ ಕೆಳಗೆ ಬಾಟಲಿ ಬಿದ್ದಿದ್ರೆ ಯಾರ ಮೂಳೆ ಮುರೀತಿತ್ತೋ. ಅವನಿಗೆ ಸಿಕ್ಕಿದ್ದು ಒಂದು ಕ್ಷಣ, ದೊಡ್ಡಮ್ಮ. ಅಷ್ಟರಲ್ಲಿ ಮಾಡೋಕೆ ಇದ್ದಿದ್ದು ಅದೊಂದೇ."

ಇಪ್ಪತ್ತು ಸೆಕೆಂಡು ಕಡ್ಡಿಯ ತಲೆಗೆ ಬಂತು. ಹತ್ತನೆಯವನು ಹನ್ನೊಂದನೆಯವನಾದ, ಹತ್ತನೆಯವನಿಗಿಂತ ಹನ್ನೊಂದು ಸೆಕೆಂಡು ಹಿಂದೆ.

ದೊಡ್ಡಮ್ಮ ಏಪ್ರನ್ನೂ ಬಿಚ್ಚದೆ ತೀರ್ಪುಗಾರರು ಕೂತಿದ್ದ ಹಾಲಿಗೆ ಹೋದಳು. ಮೇಜಿನ ಹಿಂದೆ ಮಧ್ಯಾಹ್ನದ ಆ ತೀರ್ಪುಗಾರ್ತಿ ಕನ್ನಡಕ ಮೂಗಿನ ತುದಿಗಿಳಿಸಿಕೊಂಡು ಬರೆಯುತ್ತಿದ್ದಳು. ತಪ್ಪು ನನ್ನದು, ಹುಡುಗನದಲ್ಲ, ದಂಡ ಏನಿದ್ದರೂ ನನಗೆ ಹಾಕಿ, ನಾಳೆ ಬೆಳಿಗ್ಗೆಯೇ ಮನೆಗೆ ಕಳಿಸಿ ಎಂದು ದೊಡ್ಡಮ್ಮ ಒಂದೇ ಉಸಿರಿಗೆ ಹೇಳಿದಳು. ತೀರ್ಪುಗಾರ್ತಿ ಎಲ್ಲವನ್ನೂ ಕೇಳಿಸಿಕೊಂಡಳು, ಕೂರಲು ಕುರ್ಚಿ ಕೊಟ್ಟಳು.

"ನಿಮ್ಮ ಮಾತು ನಂಬ್ತೀನಮ್ಮ. ಆದ್ರೆ ಸೆಕೆಂಡು ಇರೋದು ಅವರ ಹತ್ರ, ನಿಮ್ಮ ಹತ್ರ ಇಲ್ಲವಲ್ಲ. ಇಲ್ಲದೋರಿಂದ ನಾನು ಹೇಗೆ ಕಳೀಲಿ?"

ಹೋಟೆಲಿಗೆ ಬಂದರೆ ಕಡ್ಡಿ ಹಾಸಿಗೆಯ ಮೇಲೆ ಅಂಗಾತ ಮಲಗಿ ಎರಡೂ ಕಾಲನ್ನು ಗೋಡೆಗೆ ಏರಿಸಿಕೊಂಡಿದ್ದ. ದಿನವಿಡೀ ತುಳಿದ ಕಾಲಿನಿಂದ ರಕ್ತ ಇಳಿಯಲಿ ಎಂದು ಅವರೆಲ್ಲ ಹಾಗೆ ಮಲಗುತ್ತಾರೆ. ದೊಡ್ಡಮ್ಮ ಮಂಚದ ಅಂಚಿಗೆ ಕೂತಳು. ಅವನ ಅಂಗಾಲು ಹಿಡಿದುಕೊಂಡು ಸುಮ್ಮನೆ ಒತ್ತತೊಡಗಿದಳು.

"ನೀನು ಕೊಟ್ಟಿದ್ದು ನೀರು ತಾನೇ? ವಿಷ ಅಲ್ವಲ್ಲ," ಎಂದ ಕಡ್ಡಿ.

"ನಿನ್ನ ಎರಡು ವರ್ಷ ಕಣೋ ನಾನು ಕೊಟ್ಟಿದ್ದು."

"ತಣ್ಣಗಿತ್ತು," ಎಂದ. "ಇಡೀ ದಿನದಲ್ಲಿ ಅಷ್ಟು ತಣ್ಣಗಿನ ನೀರು ಸಿಕ್ಕಿರಲಿಲ್ಲ." ಆಮೇಲೆ ಅವಳ ಮುಖ ನೋಡಲಾರದೆ ಕಣ್ಣು ಮುಚ್ಚಿಕೊಂಡ. ಮುಚ್ಚಿದ ರೆಪ್ಪೆಯ ಅಂಚು ಒದ್ದೆಯಾಗಿತ್ತು. ಅವಳು ನೋಡಿಯೂ ನೋಡದವಳ ಹಾಗೆ ಇನ್ನೊಂದು ಅಂಗಾಲು ಹಿಡಿದಳು.

ಮರುದಿನ ಬೆಳಿಗ್ಗೆ ದೊಡ್ಡಮ್ಮ ಗಂಜಿ ಬಡಿಸುತ್ತಿದ್ದಳು. ಯಜಮಾನ ಇದ್ದಕ್ಕಿದ್ದಂತೆ ಮ್ಯಾನೇಜರನ ಕಡೆ ತಿರುಗಿ, ಇವತ್ತಿನ ದಾರಿಯಲ್ಲಿ ನಡುವೆ ಎರಡು ಕಡೆ ಬಿಳಿ ಗೆರೆ ಇದೆಯಲ್ಲ ಎಂದ. ಆ ಗೆರೆಯನ್ನು ಮೊದಲು ದಾಟಿದವನ ಸಮಯದಿಂದ ಮೂರು ಸೆಕೆಂಡು ಕಳೆಯುತ್ತಾರೆ. ಕೊನೆಯ ಗೆರೆಯಲ್ಲಿ ಮೊದಲನೆಯವನಿಗೆ ಹತ್ತು, ಎರಡನೆಯವನಿಗೆ ಆರು, ಮೂರನೆಯವನಿಗೆ ನಾಲ್ಕು. ಇವತ್ತು ಕಡ್ಡಿಗಾಗಿ ನಾನು ಗಾಳಿ ಒಡೆಯುತ್ತೇನೆ ಎಂದು ಯಜಮಾನ ಹೇಳಿದ. ಮ್ಯಾನೇಜರ್ ಚಮಚ ಕೆಳಗಿಟ್ಟ. ಮೊದಲನೆಯ ಸ್ಥಾನದಲ್ಲಿರುವವನು ಕೊನೆಯ ದಿನ ಇನ್ನೊಬ್ಬನಿಗಾಗಿ ದುಡಿದದ್ದನ್ನು ತಾನು ಕಂಡಿಲ್ಲ, ಕೇಳಿಲ್ಲ, ನಿನ್ನ ಹದಿನಾಲ್ಕು ಸೆಕೆಂಡಿನ ಗತಿ ಏನು ಎಂದ.

"ಅದು ಯಾರು ಉಳಿಸಿದ್ದು?" ಎಂದ ಯಜಮಾನ, ಮತ್ತೆ ಗಂಜಿಗೆ ಕೈಹಾಕಿದ.

ಕಡ್ಡಿ ಬೇಡ ಬೇಡ ಎಂದು ಎದ್ದೇಬಿಟ್ಟ. ಉಳಿದವರೆಲ್ಲ ಸೇರಿ ಅವನ ಭುಜ ಒತ್ತಿ ಕೂರಿಸಿದರು.

ಆ ಮಧ್ಯಾಹ್ನ ದೊಡ್ಡಮ್ಮ ಗೊತ್ತುಮಾಡಿದ ಜಾಗದಲ್ಲಿ, ಫಲಕವನ್ನು ಮೂರು ಸಲ ಓದಿ ಖಾತ್ರಿ ಮಾಡಿಕೊಂಡು, ಚೀಲ ಹಿಡಿದು ನಿಂತಿದ್ದಳು. ಮೊದಲನೆಯವನ ಕೆಂಪಂಗಿ ತೊಟ್ಟ ಯಜಮಾನ ಗುಂಪಿನ ಮುಂದೆ ತಾನೇ ಎದೆಯೊಡ್ಡಿ ಬರುತ್ತಿದ್ದ. ಅವನ ಚಕ್ರಕ್ಕೆ ಅಂಟಿಕೊಂಡು ಕಡ್ಡಿ. ಯಜಮಾನನ ಅಂಗಿಯ ಬೆನ್ನು ಡುಬ್ಬವಾಗಿ ಉಬ್ಬಿತ್ತು, ಆಗಲೇ ಒಮ್ಮೆ ಕಾರಿಗೆ ಹೋಗಿ ಬಾಟಲಿ ಹೊತ್ತು ತಂದಿದ್ದ. ಒಂದು ತೋಳಿಗೆ ತನ್ನ ಚೀಲ ತೂರಿಸಿಕೊಂಡು, "ಕಡ್ಡೀದೂ ನಂಗೇ ಕೊಡಿ ದೊಡ್ಡಮ್ಮ," ಎಂದು ಇನ್ನೊಂದನ್ನೂ ಸೆಳೆದುಕೊಂಡು ಹೋದ. ಪಕ್ಕದಲ್ಲಿ ಬೇರೆ ತಂಡಗಳ ಚೀಲ ಹಿಡಿದು ನಿಂತಿದ್ದವರು ಬಾಯಿ ಬಿಟ್ಟುಕೊಂಡು ನೋಡಿದರು. ಒಬ್ಬ ಮುದುಕ, ನಲವತ್ತು ವರ್ಷದಿಂದ ಚೀಲ ಹಿಡಿಯುತ್ತಿದ್ದೇನೆ, ಕೆಂಪಂಗಿ ನೀರು ಹೊತ್ತದ್ದನ್ನು ಇವತ್ತೇ ಕಂಡದ್ದು ಎಂದು ಟೋಪಿ ತೆಗೆದ. ದೊಡ್ಡಮ್ಮನಿಗೆ ಯಾವ ಚೀಲವೂ ಸರಿಯಾಗಿ ಕಾಣುತ್ತಿರಲಿಲ್ಲ, ಕಣ್ಣು ಹನಿಗೂಡಿತ್ತು. ಆದರೂ ಉಳಿದ ಆರನ್ನೂ ಸರಿಯಾದ ಹೊತ್ತಿಗೆ ಬಿಟ್ಟಳು.

ಮೊದಲ ಬಿಳಿ ಗೆರೆ ಕಡ್ಡಿಯದಾಯಿತು. ಎರಡನೆಯದೂ ಅವನದೇ. ಆರು ಸೆಕೆಂಡು ಬಂತು, ಇನ್ನು ಐದು ಬೇಕು. ಕೊನೆಯ ಗೆರೆಯಲ್ಲಿ ಮಾತ್ರ ಬಯಲುದಾರಿಯ ತುದಿಯಲ್ಲಿ ಚಿಮ್ಮುವ ಸವಾರರ ತೊಡೆಯ ಮುಂದೆ ಅವನ ಕಡ್ಡಿಕಾಲಿನ ಆಟ ಏನು ನಡೆದೀತು? ಏಳನೆಯವನಾಗಿ ಬಂದ. ಯಜಮಾನ ರೇಸು ಗೆದ್ದ. ಕಡ್ಡಿ ಐದು ಸೆಕೆಂಡಿನಿಂದ ಹನ್ನೊಂದನೆಯವನಾಗಿಯೇ ಉಳಿದ.

ಹೂವಿನ ಗೊಂಚಲು, ಫೋಟೋ ಎಲ್ಲ ಮುಗಿದ ಮೇಲೆ ಮ್ಯಾನೇಜರ್ ಅಡುಗೆ ವ್ಯಾನಿಗೆ ಬಂದ. ದೊಡ್ಡಮ್ಮ ಬಾಟಲಿ ತೊಳೆಯುತ್ತಿದ್ದಳು. ಕಡ್ಡಿ ಬಟ್ಟೆ ಬದಲಿಸಿ, ಮೂಲೆಯಲ್ಲಿ ಕೂತು ಅವನ್ನು ಒರೆಸಿಡುತ್ತಿದ್ದ. ಮ್ಯಾನೇಜರ್ ಸ್ಟೂಲು ಎಳೆದು ಕೂತು ಯಾರನ್ನೂ ನೋಡದೆ ಮಾತಾಡಿದ.

"ಹತ್ತು ಅಂತ ನಾನು ಯಾಕೆ ಹೇಳಿದ್ದೆ ಗೊತ್ತಾ? ಎರಡು ದಿನ ಇವನು ತನ್ನ ಬಗ್ಗೆ ಯೋಚನೆ ಮಾಡಲಿ ಅಂತ. ಎರಡೇ ದಿನ. ಅದೂ ಆಗಲಿಲ್ಲ ಇವನ ಕೈಲಿ."

ಕಡ್ಡಿ ತಲೆ ತಗ್ಗಿಸಿದ. ದೊಡ್ಡಮ್ಮ ನಲ್ಲಿ ನಿಲ್ಲಿಸಿದಳು.

"ಹತ್ತನೇವ್ರು ಎಲ್ಲಾ ತಂಡದಲ್ಲೂ ಸಿಗ್ತಾರೆ ಮ್ಯಾನೇಜರ್ರೇ. ನಿನ್ನೆ ಇವನು ಮಾಡಿದ್ದನ್ನ ಮಾಡೋ ಎಳೇ ಹುಡುಗ ನಿಮ್ಮ ಕಣ್ಣಿಗೆ ಬಿದ್ದಿದ್ರೆ ಅವನನ್ನೇ ಇಟ್ಕೊಳ್ಳಿ. ನಾವು ಬಾಟಲಿ ಒರೆಸಿಟ್ಟು ಹೊರಡ್ತೀವಿ."

ಮ್ಯಾನೇಜರ್ ಉಸಿರು ಬಿಟ್ಟ. ಅಂಥವನು ಕಣ್ಣಿಗೆ ಬಿದ್ದಿಲ್ಲ ಎಂದು ಒಪ್ಪಿಕೊಂಡ. ಅಷ್ಟೇ ಅಲ್ಲ, ಕಡ್ಡಿ ಇಲ್ಲದಿದ್ದರೆ ಮುಂದಿನ ವರ್ಷ ತಾನೂ ಇಲ್ಲ ಎಂದು ಯಜಮಾನ ಈಗಷ್ಟೇ ಹೇಳಿ ಹೋಗಿದ್ದನಂತೆ. ಜೇಬಿನಿಂದ ಮಡಿಸಿದ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿದ. ಎರಡು ವರ್ಷ ಎಂದು ಬರೆದಿತ್ತು. ಕಡ್ಡಿ ಪೆನ್ನಿಗೆ ಕೈ ಚಾಚಿದ. ದೊಡ್ಡಮ್ಮ ಅವನ ಕೈ ಮೇಲೆ ಮೆಲ್ಲಗೆ ಒಂದೇಟು ಹಾಕಿ, ಕೈ ಒರೆಸಿಕೊಂಡು, ಕಾಗದವನ್ನು ಬೆಳಕಿಗೆ ಹಿಡಿದು ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ಓದಿದಳು.

"ಎರಡು ವರ್ಷ ಆದ್ಮೇಲೆ?"

"ಆಮೇಲೆ ಅವನಿಗೆ ಮೂವತ್ನಾಲ್ಕು, ದೊಡ್ಡಮ್ಮ."

"ಕಾಲಿಗೆ ಮೂವತ್ನಾಲ್ಕು. ತಲೆಗೇನಾಗಿದೆ? ಎಲ್ಲಿ ಯಾವಾಗ ಏನು ಮಾಡಬೇಕು ಅಂತ ಒಂದು ಕ್ಷಣದಲ್ಲಿ ಗೊತ್ತಾಗೋ ತಲೆ ಅದು. ನಿಮ್ಮ ಕಾರಲ್ಲಿ ಮುಂದಿನ ಸೀಟು ಖಾಲೀನೇ ಇರುತ್ತೆ, ನಾನೇ ನೋಡಿದ್ದೀನಿ. ಬರೀರಿ."

ಕಡ್ಡಿ ಕೆಂಪಾಗಿ, ಸುಮ್ನಿರು ದೊಡ್ಡಮ್ಮ ಎಂದು ಗೊಣಗಿದ. ಮ್ಯಾನೇಜರ್ ಅವಳನ್ನೂ ಅವನನ್ನೂ ಸರದಿಯಂತೆ ನೋಡಿ, ನಗು ತಡೆಯಲಾರದೆ, ಕಾಗದದ ಅಡಿಯಲ್ಲಿ ಕೈಬರಹದಲ್ಲಿ, ಆಮೇಲೆ ಕಾರಿನಲ್ಲಿ ಮ್ಯಾನೇಜರನ ಸಹಾಯಕ ಎಂದು ಇನ್ನೊಂದು ಸಾಲು ಸೇರಿಸಿ ಸಹಿ ಮಾಡಿದ. ಕಡ್ಡಿಯೂ ಮಾಡಿದ. ಬ್ರೇಕು ಹಿಡಿದು ಹಿಡಿದು ಬೆರಳು ಮರಗಟ್ಟಿ ಅಕ್ಷರ ಗೆರೆ ದಾಟಿ ಹೋಯಿತು.

ಮ್ಯಾನೇಜರ್ ಏಳುವಷ್ಟರಲ್ಲಿ ದೊಡ್ಡಮ್ಮ ಮತ್ತೆ ನಲ್ಲಿ ತಿರುಗಿಸಿದ್ದಳು. ಬೆನ್ನು ಹಾಕಿಕೊಂಡೇ, ತನ್ನ ಕಾಗದ ಎಲ್ಲಿ ಎಂದು ಕೇಳಿದಳು.

"ನಿಮಗೂನಾ? ಒಂದು ಬಾಟಲಿಲಿ ತಂಡವನ್ನೇ ಮುಳುಗಿಸ್ತಿದ್ರಲ್ಲ ದೊಡ್ಡಮ್ಮ."

"ಅದಕ್ಕೇ ಹೇಳ್ತಿರೋದು. ಆ ತಪ್ಪನ್ನ ಇನ್ನೊಂದ್ಸಲ ಮಾಡದಿರೋ ಅಡುಗೆಯವಳು ನಿಮಗೆ ನಾನೊಬ್ಬಳೇ. ಹೊಸಬರನ್ನ ತಂದ್ರೆ ಅವರು ಮೊದಲಿಂದ ಶುರು ಮಾಡ್ತಾರೆ."